ಸೈಡ್ ಸ್ಟ್ಯಾಂಡ್

ರವಿವಾರ ಮುಂಜಾನೆ ಆರೂವರಿ. ಗದ್ದನಕೇರಿ ಕ್ರಾಸು.
ಏಳು ಗಾಡಿ, ಏಳೂ ಎಡಕ್ಕ ವಾಲಿ ನಿಂತಾವು
ಕಟ್ಟಿಗೆ ಆತು ಕೂತ ಮುದುಕರ ಹಂಗ.
ಇಂಜಿನ್ ಆರುವಾಗಿನ ಟಿಕ್ ಟಿಕ್
ನಿಲ್ಲೂತನಕ ಯಾರೂ ಮಾತಾಡೂದಿಲ್ಲ.
ನೇಮ ಏನಲ್ಲ. ಹಂಗs ಬಿದ್ದ ರೂಢಿ.

ಆಮ್ಯಾಲೆ ಶುರು.
"ನಿನ್ನ ಚೈನ್ ನೋಡೋ, ಮುದುಕನ ದೋತರದ ಹಂಗ ಜೋತು ಬಿದ್ದೈತಿ."
"ನಿನ್ನ ಸೈಲೆನ್ಸರ್ ಮೊದ್ಲ ನೋಡ್ಕೋ.
ಸೀಮಿಕೇರಿ ನಾಯಿ ಅಷ್ಟೂ ಬೆನ್ನ ಹತ್ತಿದ್ವು."
ಶೈಲಾ ಪತ್ತಾರ ಹೆಲ್ಮೆಟ್ ತಗದು
ಕೂದಲಾ ಸುತ್ತಿಕೋತ, ಹಲ್ಲಾಗ ಪಿನ್ನು ಹಿಡಕೊಂಡು
"ಬಾದಾಮಿ ಕಡೆ ತಿರುವಿನ್ಯಾಗ ಉಸುಕು ಬಿದ್ದೈತಿ" ಅಂದ್ಳು,
ಅಪ್ಪನ ಅಂಗಡ್ಯಾಗ ಗುಂಜಿ ತೂಕ ಹೇಳಿದಷ್ಟ ಸಹಜ.

ಹೊಳೆಬಸುಂದು ಹೊಸಾದು. ಮೂರು ಲಕ್ಷ, ಮ್ಯಾಲ ಚಿಲ್ಲರ.
ಸೀಟಿನ ಪ್ಲಾಸ್ಟಿಕ್ ಇನ್ನೂ ತಗದಿಲ್ಲ.
"ಹರದ ಒಗಿಯೋ ಅದನ್ನ" ಅಂದ್ರ
"ಕಂತು ಮುಗೀಲಿ ತಡಿ" ಅಂತಾನ.
ಐವತ್ತಾರು ಉಳದಾವು. ಲೆಕ್ಕ ಶೈಲಾಂದು.

ಚಹಾದ ಸಾಬಣ್ಣ ವಾರಾ ಕೇಳೂದು ಒಂದs:
"ಮೈಲೇಜ್ ಎಷ್ಟ ಕೊಡತೈತ್ರೀ?"
ಏಳೂ ಮಂದಿ ಮಾರಿ ಹುಳ್ಳಗಾಗತಾವು,
ಮದುವಿ ಮನ್ಯಾಗ ಯಾರೋ ಪಗಾರ ಕೇಳಿದಂಗ.

ದಸ್ತಗೀರ ಮಾಮಾನ ಎಡಗಿವಿ ಹೋಗಿ ವರ್ಷಗಟ್ಟಲೆ ಆತು.
ಗ್ಯಾರೇಜಿನ ಸಪ್ಪಳs ತಿಂದಿತು ಅದನ್ನ.
ಆದ್ರ ಸ್ಕ್ರೂಡ್ರೈವರಿನ ತುದಿ ಬುಲೆಟ್ಟಿಗೆ ಹಚ್ಚಿ
ಹಿಡಿಕಿ ಕಿವಿ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದ ಅಂದ್ರ
ಯಾವ ಟ್ಯಾಪೆಟ್ ಸುಳ್ಳ ಹೇಳಾಕತ್ತೈತಿ ಗೊತ್ತಾಕ್ಕೈತಿ.
"ಮನಷ್ಯಾರಿಗೂ ಹಿಂಗ ಹಚ್ಚಿ ನೋಡಬೇಕು ಮಾಮಾ" ಅಂದೆ.
"ಏನಂದಿ?" ಅಂದ.

ಇವತ್ತ ಲಾಯಪ್ಪ ತಡಾ ಮಾಡಿ ಬಂದ.
ಅವನ ಹಳೇ ಯೆಜ್ಡಿ, ಮಡ್‌ಗಾರ್ಡಿನ ತುಂಬ
ಬಿಳಿ ರಾಡಿ, ಒಣಗಿ ಸೀಳು ಬಿಟ್ಟಿತ್ತು.
ಮೇ ತಿಂಗಳದಾಗ ಮಳಿ ಎಲ್ಲಿಂದ ತಂದ್ಯೋ?

"ಮಳಿ ಅಲ್ಲ. ಹಿನ್ನೀರು ಸರದೈತಿ.
ಮುಳುಗಡಿಯಾದ ನಮ್ಮೂರ ರಸ್ತಾ ಮ್ಯಾಲ ಬಂದೈತಿ.
ಹೋದೆ."

ಬಸಿ ತುಟಿಗೆ ಮುಟ್ಟದs ನಿಂತ್ವು.

"ಡಾಂಬರ ಐತಿ, ಅಲ್ಲಲ್ಲಿ, ತೇಪಿ ಹಚ್ಚಿದಂಗ.
ಮ್ಯಾಲ ಸಿಂಪಿನ ಚಿಪ್ಪು, ಟೈರಿನ ಕೆಳಗ ಹಪ್ಪಳ ಮುರದಂಗ.
ಎರಡನೇ ಗೇರಿನ್ಯಾಗ ನಮ್ಮ ಓಣಿ ದಾಟಿದೆ.
ಗಿರಣಿ ಕಟ್ಟಿ ಐತಿ, ಗಿರಣಿ ಇಲ್ಲ.
ಅದರ ಮುಂದ ಒಂದು ತೆಗ್ಗ ಇತ್ತು,
ನಾ ಗಾಡಿ ಕಲಿಯೂ ಮುಂದ ದಿನಾ ಬೀಳತಿದ್ದೆ ಅದರಾಗ.
ಅಲ್ಲಿಗೆ ಬಂದ ಕೂಡ್ಲೆ ಕೈ ತಾನs ಬಲಕ್ಕ ಹೊಳ್ಳಿತು.
ಹೊಳ್ಳಿದ ಮ್ಯಾಲ ನೋಡತೀನಿ,
ತೆಗ್ಗs ಇಲ್ಲ.
ಇಪ್ಪತ್ತು ವರ್ಷದ ರಾಡಿ ಕೂತು ಸಪಾಟಾಗೇತಿ.
ಇಲ್ಲದ ತೆಗ್ಗ ತಪ್ಪಸಾಕ ಹೋಗಿ
ಬಿದ್ದೆ."

ಮೊಣಕೈ ತೋರಿಸಿದ.
ನಗಬೇಕೋ ಬ್ಯಾಡೋ ತಿಳೀಲಿಲ್ಲ ನಮಗ.
ಸಾಬಣ್ಣ ಕೆಟ್ಲಿ ಕೆಳಗಿಟ್ಟು ಮೆಲ್ಲಕ ಕೇಳಿದ:
"ಎಷ್ಟ ದೂರ ಆತ್ರೀ, ಇಲ್ಲಿಂದ ನಿಮ್ಮ ಮನಿತನಕ?"
"ಮೀಟರ್ ಕೆಟ್ಟು ಒಂಬತ್ತು ವರ್ಷಾತೋ."
ಆವಾಗ ನಕ್ಕಿವಿ, ಬಸಿ ತುಳುಕೂ ಹಂಗ.

ದಸ್ತಗೀರ ಮಾಮಾಗ ಕತಿ ಎಷ್ಟ ಮುಟ್ಟಿತೋ.
ಯೆಜ್ಡಿ ಮುಂದ ಕುಕ್ಕರಗಾಲಿಲೆ ಕೂತು
ಬೆರಳಿಲೆ ರಾಡಿ ಕೆರದು ಮೂಸಿ ನೋಡಿದ.
"ಕಾರ್ಬೊರೇಟರ್ ಬಿಚ್ಚಬೇಕು" ಅಂದ.
ಸ್ವಲ್ಪ ತಡದು,
"ಗಿರಣಿ ಹಿಂದ ನಮ್ಮ ಅಕ್ಕನ ಮನಿ ಇತ್ತಲ್ಲ,
ಹುಣಸಿ ಗಿಡದ ಬುಡಾ ಏನರ ಕಾಣತೈತೇನು?"

"ಅಷ್ಟ ಒಳಗ ಹೋಗಲಿಲ್ಲ ಮಾಮಾ."

ಮುಂದಿನ ರವಿವಾರ ಅಲ್ಲಿಗೇ ಅಂತ ಆತು, ಮಳಿ ಹಿಡಿಯೂದ್ರಾಗ.
ಮಾಮಾ ಶೈಲಾನ ಹಿಂದ ಕೂಡತಾನಂತ.
ಹೊಳೆಬಸು ತನ್ನ ಸೀಟು ಸವರಿ ಅಂದ,
"ಅಷ್ಟು ರಾಡಿ ಇದ್ದ ಮ್ಯಾಲ
ಪ್ಲಾಸ್ಟಿಕ್ ಇರೂದs ಚೊಲೋ ಆತು ನೋಡ್ರಿ."

ಯೆಜ್ಡಿಗೆ ಒದಿಯೂದೂ ಅದs ಸಲಾಕಿ, ಗೇರ್ ಹಾಕೂದೂ ಅದs.
ಲಾಯಪ್ಪ ಒದ್ದ. ಇನ್ನೊಮ್ಮೆ ಒದ್ದ.
ನಾಕನೇದಕ್ಕ ಕೆಮ್ಮಿತು, ನೀಲಿ ಹೊಗಿ ಬಿಟ್ಟಿತು,
ಎಲ್ಲಾರೂ ಹೆಲ್ಮೆಟ್ ಹುಡಕಾಕತ್ತಿವಿ.