ಚೆಕ್ಕುಬಂದಿ

ಜುಲೇಖಾಬಿ ಬಂದದ್ದು ಮಂಗಳವಾರ,
ಗೂಡಿನ ಮಾರ್ಕೆಟ್ಟಿನ ಹರಾಜು ಮುಗಿಸಿಕೊಂಡು.
ಬುರ್ಖಾದ ಅಂಚಿನಲ್ಲಿ ಬೆಂದ ಹುಳದ ವಾಸನೆ.
ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಅದು ಮೂಗಿಗೆ ಬರುವುದಿಲ್ಲ;
ಬರದಿದ್ದ ದಿನ ಮಾತ್ರ ಕಿಟಕಿ ತೆಗೆದು ನೋಡುತ್ತೇವೆ.

ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ತೆಗೆದಿಟ್ಟರು:
ಗಂಡನ ಮರಣಪತ್ರ, ಕಂದಾಯದ ರಶೀದಿ,
ಮಡಿಕೆಯಲ್ಲಿ ಹರಿದ ಕ್ರಯಪತ್ರ.
ಆ ಜಾಗ ಆಕೆಯ ಹೆಸರಿಗೇ,
ಕರಿಮಣಿಯ ಲಚ್ಛಾ ಮಾರಿ ಕೊಂಡದ್ದು.

"ವಕೀಲಮ್ಮಾ, ವಸೀಯತ್ ಬರೀರಿ.
ನಾನು ಹೋದ್ಮೇಲೆ ಶೆಡ್ಡು ಶಾಹ್‌ತಾಜ್‌ಗೆ.
ಹತ್ತು ಬೇಸಿನ್ನು, ಬಾಯ್ಲರು, ಹಿಂದಿನ ತೊಟ್ಟಿ ಸಮೇತ.
ಗಂಡುಹುಡುಗರಿಗೆ ಅವರವರ ಕೆಲಸ ಇದೆ.
ಹದಿನೈದು ವರ್ಷದಿಂದ ನೀರಲ್ಲಿ ಕೈಯಿಟ್ಟೋಳು ಅವಳು."

ಪೆನ್ನಿನ ಕ್ಯಾಪು ಮುಚ್ಚಿದೆ.
ಬೇಡದ್ದನ್ನು ಹೇಳುವುದಕ್ಕೇ ನನಗೆ ಫೀಸು.
ನಿಮ್ಮ ಕಾನೂನಿನಲ್ಲಿ ವಸೀಯತ್ತು ಮೂರನೇ ಒಂದಕ್ಕೆ ಮಾತ್ರ,
ಮಗಳಿಗೇ ಬರೆದರೆ ಅದಕ್ಕೂ ಅಣ್ಣಂದಿರು ಒಪ್ಪಬೇಕು,
ನೀವು ಮಣ್ಣಾದ ಮೇಲೆ.

"ನಾನು ಎದುರಿಗಿದ್ದಾಗಲೇ ಒಪ್ಪಲ್ಲ"
ಎಂದು ಹಲ್ಲಿಲ್ಲದ ಕಡೆಯಿಂದ ನಕ್ಕರು.

ಮುಲ್ಲಾ ಶಾಸ್ತ್ರದ ದಪ್ಪ ಪುಸ್ತಕ ತಿರುವುತ್ತಿದ್ದೆ.
"ತುದಿ ಸಿಕ್ತಾ?"
ಸಿಕ್ಕಿದೆ. ಹಿಬಾ.
ಕೊಟ್ಟೆ ಅಂತ ನೀವು ಅನ್ನಬೇಕು,
ತೊಗೊಂಡೆ ಅಂತ ಅವಳು ಅನ್ನಬೇಕು,
ಆಮೇಲೆ ನಿಜವಾಗಿಯೂ ಕೊಟ್ಟುಬಿಡಬೇಕು.
ಹೋದ ಮೇಲಲ್ಲ, ಇರುವಾಗ.
ಬೀಗದ ಕೈ ಅವಳದು, ಲೆಕ್ಕದ ಪುಸ್ತಕ ಅವಳದು,
ಕರೆಂಟು ಬಿಲ್ಲು ಅವಳ ಹೆಸರಿಗೆ.
ನೀವು ಆ ಬಾಗಿಲು ದಾಟುವುದು
ಅವಳು ಕರೆದರೆ.

ಫ್ಯಾನು ಮೂರು ಸಲ ಕಿರ್ರೆಂದಿತು.
"ಸತ್ಮೇಲೆ ಕೊಡೋದು ಸುಲಭ ಅಲ್ವೇನಮ್ಮಾ"
ಎಂದರು, ನನಗಲ್ಲ.

ನಾಳೆ ಅವಳೇ ನೂಕಿದರೆ? ಕೇಳಿದೆ. ಕೇಳಲೇಬೇಕು.
ಊಟಕ್ಕೆ? ಮಾತ್ರೆಗೆ?
ಬಾಡಿಗೆಯ ಎರಡು ಮಳಿಗೆ ನಿಮ್ಮಲ್ಲೇ ಇರಲಿ,
ಹದಿನೈದು ದಿನ ಮನೆಗೆ ಹೋಗಿ ಯೋಚನೆ ಮಾಡಿ.
ಆಕೆ ಹದಿನಾರನೇ ದಿನ ಬಂದರು.

ಅದರ ನಡುವೆ ದೊಡ್ಡವನು ಬಂದಿದ್ದ, ಇಮ್ದಾದ್,
ಟೆಂಪೋ ಚಾಲೂ ಬಿಟ್ಟು, ಹೊಸಿಲ ಮೇಲೇ ನಿಂತು.
"ನಮ್ಮಮ್ಮನಿಗೆ ಏನು ತುಂಬಿದ್ರಿ?"
ಅಮ್ಮನನ್ನೇ ಕೇಳಿ ಎಂದೆ.
ಸ್ವಲ್ಪ ಹೊತ್ತು ನಿಂತ. ಹೋಗುವಾಗ ತಿರುಗಿ,
ಮೆಲ್ಲಗೆ: "ಬಾಯ್ಲರೂನಾ?"

ಚೆಕ್ಕುಬಂದಿ ಬರೆಸುವಾಗ ಆಕೆ ಕಣ್ಣು ಮುಚ್ಚಿಕೊಂಡರು.
ಪೂರ್ವಕ್ಕೆ ಪಿಳ್ಳವೆಂಕಟಪ್ಪನವರ ಗೋಡೆ,
ಪಶ್ಚಿಮಕ್ಕೆ ಪುರಸಭೆಯ ಚರಂಡಿ,
ಉತ್ತರಕ್ಕೆ ಓಣಿ,
ದಕ್ಷಿಣಕ್ಕೆ "ಅವರು ಸೈಕಲ್ ಒರಗಿಸ್ತಿದ್ದ ಜಾಗ."
ಅದನ್ನು ಖಾಲಿ ನಿವೇಶನ ಎಂದು ಟೈಪು ಮಾಡಿದೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಗಾಜು
ಹೆಬ್ಬೆಟ್ಟನ್ನು ಒಪ್ಪಲಿಲ್ಲ. ತೋರುಬೆರಳನ್ನೂ.
ನಲವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಕೈ,
ಗೆರೆಯೆಲ್ಲ ಯಾರ್ಯಾರದೋ ಸೀರೆಗೆ ಹೋಗಿತ್ತು.
"ಒರೆಸಿ ಇಡಿ, ಒತ್ತಿ ಇಡಿ" ಎಂದ ಹುಡುಗ.
ಕೊನೆಗೆ ಎಡಗೈ ಕಿರುಬೆರಳು ಸಾಕ್ಷಿ ಹೇಳಿತು.

ಸಂಜೆ ಓಣಿಯಲ್ಲಿ ಬೀಗದ ಕೈ ಕೊಟ್ಟದ್ದಾಯಿತು.
ಶಾಹ್‌ತಾಜ್ ಬಾಗಿಲು ತೆಗೆದು ಒಳಗೆ ಹೋದಳು,
ಬಾಯ್ಲರು ನೋಡಲು. ಅಷ್ಟೇ,
ಮರೆತಳು.
ನಾವು ಹೊರಗೆ ನಿಂತೆವು,
ಚರಂಡಿಯ ಕಲ್ಲಿನ ಮೇಲೆ ಆಕೆ, ನಾನು ಪಕ್ಕದಲ್ಲಿ.

"ಕಾನೂನು ಪ್ರಕಾರ ಎಷ್ಟು ಹೊತ್ತು ನಿಲ್ಬೇಕು?"
ಅದಕ್ಕೆ ನನ್ನ ಬಳಿ ಸೆಕ್ಷನ್ನು ಇರಲಿಲ್ಲ.

ಒಳಗಿಂದ, ಹಬೆಯ ಆಚೆಯಿಂದ, ಸಿಟ್ಟಿನ ದನಿ:
"ಅಮ್ಮೀ, ಬ್ರಶ್ಶು ಎಲ್ಲಿಟ್ಟಿದ್ದೀ?"

ಒಂದು ಕಾಲು ಆಗಲೇ ಹೊಸಿಲ ಒಳಗೆ.
ಇನ್ನೊಂದನ್ನು ಹೊರಗೇ ತಡೆದು
ಜುಲೇಖಾಬಿ ನನ್ನ ಕಡೆ ತಿರುಗಿದರು:
"ಇದು ಕರೆದಂಗೆ ಆಯ್ತಾ, ವಕೀಲಮ್ಮಾ?"