ನೂರ ಮೂವತ್ತೆಂಟನೆಯ ಪ್ರತಿ

ಗ್ರಿಮ್ಸ್‌ಬಿಯಲ್ಲಿ, ಮೀನಿಗೆ ಹೊಗೆ ಹಾಕುವ ಬೀದಿಯ ಹಿಂದೆ,
ಶಾಲೆಯ ಬಸ್ಸು ಓಡಿಸುವ ಥೆಲ್ಮಾ ಹ್ಯಾಡ್‌ಫೀಲ್ಡ್
ಹನ್ನೊಂದು ವರ್ಷ ಒಂದೇ ಕಾದಂಬರಿ ಬರೆದಳು,
ಮಕ್ಕಳು ಇಳಿದ ಮೇಲಿನ ಇಪ್ಪತ್ತು ನಿಮಿಷಗಳಲ್ಲಿ,
ಸ್ಟೇರಿಂಗಿಗೆ ನೋಟುಬುಕ್ಕು ಆನಿಸಿಕೊಂಡು.

ಪ್ರಕಾಶಕರು ‘ಚೆನ್ನಾಗಿದೆ’ ಅಂದರು.
ಸದ್ದಾಗದಂತೆ ಬಾಗಿಲು ಹಾಕುವುದು ಹೀಗೆ.
ತಾನೇ ಅಚ್ಚು ಹಾಕಿಸಿದಳು, ಅಗ್ಗದ ಕಾಗದದಲ್ಲಿ.
ಅರವತ್ತೆರಡು ಹೋದವು,
ಒಂಬತ್ತು ತಂಗಿ ಡೋರೀನಳ ಮನೆಗೇ.

ಆದರೆ ಓದಿದವರು ಬಿಡಲಿಲ್ಲ.
‘ಬೆನ್ನು ಬಿರಿದಿದೆ, ಹಾಳೆ ಉದುರುತ್ತಿದೆ,
ಮೊಮ್ಮಕ್ಕಳವರೆಗೆ ಬಾಳುವಂಥದ್ದು ಮಾಡಿಸಿ’
ಎಂದು ಬರೆದಳು ಕಾಣದ ಊರಿನ ಕಾಣದ ಹೆಂಗಸು.

ಸರಿ. ಬಟ್ಟೆಯ ರಟ್ಟು, ದಾರದ ಹೊಲಿಗೆ,
ಅಂಚಿಗೆ ಹೆರಿಂಗ್ ಮೀನಿನ ಹುರುಪೆಯ ಬೆಳ್ಳಿ,
ಕೆಂಪು ರಿಬ್ಬನ್ನು, ಕೈಬರಹದಲ್ಲಿ ಸಂಖ್ಯೆ.
ಮುನ್ನೂರು ಪ್ರತಿ, ತಲಾ ಮೂವತ್ತು ಪೌಂಡು.
ಮೂವತ್ತು ದಿನದೊಳಗೆ ಒಂಬತ್ತು ಸಾವಿರ ಕೂಡಬೇಕು,
ಒಂದು ಪೌಂಡು ತಗ್ಗಿದರೂ ಎಲ್ಲರ ಹಣ ಎಲ್ಲರಿಗೆ ವಾಪಸ್ಸು.
ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು
ಇದನ್ನು ಮಾಡಿ ನೋಡಿರಲಿಲ್ಲ.

ಮೊದಲ ವಾರ ಹನಿಹನಿಗೂಡಿ ಹಳ್ಳ.
ಹದಿಮೂರನೆಯ ದಿನಕ್ಕೆ ಹಳ್ಳ ನಿಂತಿತು.
ಅಂಕಿ, ಕೆಸರಲ್ಲಿ ಹೂತ ಚಕ್ರ.
ಓಡಿಸುವಾಗ ಫೋನು ಮುಟ್ಟುವಂತಿಲ್ಲ, ಅದೊಂದೇ ಪುಣ್ಯ.
ಒಬ್ಬಾತ ಮಾತು ಹಿಂತೆಗೆದ: ‘ಕ್ಷಮಿಸಿ, ಬಾಯ್ಲರ್ ಕೆಟ್ಟಿದೆ.’
ನಂಬಿದಳು. ಅವಳದೂ ಕೆಟ್ಟಿತ್ತು.
ರಾತ್ರಿ ಮೂರಕ್ಕೆ ಎದ್ದು, ಸುಳ್ಳು ಹೆಸರಿನಲ್ಲಿ
ತನಗೆ ತಾನೇ ಮುನ್ನೂರು ಪೌಂಡು ಕಟ್ಟಲು ಹೊರಟು
ಹೆಸರು ಹೊಳೆಯದೆ ಮಲಗಿದಳು.
ನಾನೂರೈವತ್ತು ಪುಟದ ತುಂಬ
ಹೆಸರು ಕಟ್ಟಿದವಳು!

‘ಮಿಸ್,’ ಅಂದ ಒಂದು ಬೆಳಿಗ್ಗೆ ಮಾಟೆಯುಷ್,
ಮೂರನೇ ಸ್ಟಾಪಿನ ಹುಡುಗ, ಮುಷ್ಟಿ ಬಿಚ್ಚಿ,
‘ಎರಡು ಪೌಂಡಿದೆ. ಎಷ್ಟು ಪುಟ ಬರುತ್ತೆ?’
ಸಿಗ್ನಲ್ಲು ಕೆಂಪಿತ್ತು. ಲೆಕ್ಕ ಹಾಕಿದಳು. ‘ಮೂವತ್ತು.’
‘ಸಾಕು. ನಾನು ನಿಧಾನಕ್ಕೆ ಓದೋನು.’

ಕಡೆಯ ರಾತ್ರಿ ಹನ್ನೊಂದಕ್ಕೆ ನೂರ ಮೂವತ್ತು ತಗ್ಗು.
ಹನ್ನೆರಡಕ್ಕೆ ನಲವತ್ತೊಂದು ಹೆಚ್ಚು.
ನಡುವಿನ ಗಂಟೆಯಲ್ಲಿ ಯಾರ್ಯಾರು ಬಂದರೋ,
ಅವಳು ಪಾತ್ರೆ ತೊಳೆಯುತ್ತಿದ್ದಳು,
ತೊಳೆದದ್ದನ್ನೇ ಮತ್ತೆ.

ಐದು ತಿಂಗಳಾದ ಮೇಲೆ ರೀಗಾದಿಂದ ಪೆಟ್ಟಿಗೆಗಳು ಬಂದವು.
ಹಜಾರದಲ್ಲಿ ಅಡ್ಡಡ್ಡ ನಡೆದಳು ಹದಿನೈದು ದಿನ.
ಅಡುಗೆಮನೆಯ ಮೇಜಿನ ಮೇಲೆ ಸಹಿ, ಸಂಖ್ಯೆ, ಸಹಿ, ಸಂಖ್ಯೆ;
ಎಲ್ಲೋ ತೂಕಡಿಸಿ ನೂರ ಮೂವತ್ತೇಳನ್ನು ಎರಡು ಸಲ ಬರೆದು
ನೂರ ಮೂವತ್ತೊಂಬತ್ತಕ್ಕೆ ದಾಟಿದಳು.

ಗೊತ್ತಾದದ್ದು ಶೆಟ್‌ಲ್ಯಾಂಡಿನಿಂದ, ಟಾಸ್ಮೇನಿಯಾದಿಂದ
ಒಂದೇ ವಾರ ಬಂದ ಎರಡು ಫೋಟೋಗಳಿಂದ.
ಬೆವತು ಬರೆದಳು: ತಪ್ಪಾಯಿತು, ತಿದ್ದಿ ಕೊಡುತ್ತೇನೆ.
ಇಬ್ಬರೂ ಒಲ್ಲೆ ಅಂದರು.
ಭೂಮಿಯ ಆ ತುದಿಯಲ್ಲಿ ತನ್ನದೇ ನಂಬರಿನ ಮನುಷ್ಯ
ಇರುವುದಾದರೆ ಇರಲಿ.
ಈಗ ಅವರವರೇ ಕಾಗದ ಬರೆದುಕೊಳ್ಳುತ್ತಾರೆ,
ಹೆಚ್ಚಾಗಿ ಕುರಿಗಳ ವಿಚಾರ.

ನೂರ ಮೂವತ್ತೆಂಟು ಹಾಗೇ ಉಳಿಯಿತು, ಪುಸ್ತಕವಿಲ್ಲದ ಸಂಖ್ಯೆ.

ಪೆಟ್ಟಿಗೆಯ ತಳದಲ್ಲಿ ಅಚ್ಚಿನವರು ತುರುಕಿದ್ದರು
ಹೊಲಿಯದೆ ಮಿಕ್ಕ ಎರಡು ಫಾರಮ್ಮು, ಹದಿನಾರು ಹದಿನಾರು ಪುಟ.
ಡೋರೀನಳ ಸೂಜಿ, ಕೆಂಪು ನೂಲು.
ಮೇಲೆ ಬರೆದಳು: ೧೩೮. ಆ ಊರಿನ ಅಂಕಿಯಲ್ಲೇ ಬರೆದಳು,
ನಾನು ನಮ್ಮದರಲ್ಲಿ ಓದಿಕೊಂಡೆ.

ಮಾಟೆಯುಷ್ ಕಿಟಕಿಗೆ ಒರಗಿ ಎಣಿಸಿದ.
‘ಮಿಸ್, ಎರಡು ಪುಟ ಜಾಸ್ತಿ.’
ಮುಯ್ಯಿ ತೀರಿಸುವಾಗ ಒಂದಿಷ್ಟು ಮೇಲೆ ಇಡಬೇಕೆಂದು
ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಗೇರು ಬದಲಿಸಿದಳು.

ಫಾರಮ್ಮು ಶುರುವಾಗುವುದು ಅರ್ಧ ವಾಕ್ಯದಿಂದ,
ನಿಲ್ಲುವುದೂ ಅರ್ಧಕ್ಕೆ. ಗುರುವಾರ, ಶಾಲೆಯ ಗೇಟಿನಲ್ಲಿ,
ಎಲ್ಲ ಇಳಿದರೂ ಅವನು ಇಳಿಯಲಿಲ್ಲ:
‘ದೋಣಿ ಕಟ್ಟು ಬಿಚ್ಚಿದಾಗ ಅವಳು... ಅವಳು ಏನು ಮಾಡ್ತಾಳೆ?’