ಏಳನೇ ಪ್ಯಾರಾ

ಬೆಳಗಾವಿಯ ರೆಕಾರ್ಡ್ ಆಫೀಸಿನಿಂದ
ಎಂಟು ತಿಂಗಳಿಗೆ ಬಂತು ಲಕೋಟೆ.
ಹರಿಯುವ ಮೊದಲು ಮೂಸುತ್ತೇನೆ, ಹಳೆಯ ಚಾಳಿ:
ಅಂಟು, ಗೆದ್ದಲಿನ ಔಷಧ, ಯಾವನೋ ಹವಾಲ್ದಾರನ ತಂಬಾಕು.
ಪೋತದಾರ ವಕೀಲರ ಈ ಮಾಳಿಗೆ ಹತ್ತಿ ಇಪ್ಪತ್ತಾರು ವರ್ಷ.
ಕೆಳಗೆ ಗಡಹಿಂಗ್ಲಜದ ಪೇಟೆ. ಮೆಣಸಿನಕಾಯಿ ಹರಾಜಿನ ದಿನ
ಕಕ್ಷಿದಾರರು ಸತ್ಯ ಹೇಳುವಾಗಲೂ ಕೆಮ್ಮುತ್ತಾರೆ.
ನನಗೆ ಕರಿಕೋಟಿಲ್ಲ. ಆದರೂ ಸುತ್ತಲ ಹಳ್ಳಿಯ ಫೌಜಿಗಳು
ಮೆಟ್ಟಿಲಲ್ಲೇ ಕೇಳುತ್ತಾರೆ, 'ಅಕ್ಕಾತಾಯಿ ಅದಾರೇನ್ರಿ?'

ಸೇನೆಯ ಕಾಗದ ನನಗೆ ಕೈಗೆರೆಯಷ್ಟು ಗೊತ್ತು.
ಸಣ್ಣ ತಪ್ಪಿಗೆ ಕಪ್ಪು ಶಾಯಿ, ದೊಡ್ಡದಕ್ಕೆ ಕೆಂಪು.
ನಾಲ್ಕು ಕೆಂಪಾದರೆ ಟ್ರಂಕು ಕಟ್ಟಬೇಕು.
ಕಲಮು, ದಿನಾಂಕ, ದಂಡ, ಸಹಿ, ಎಲ್ಲಕ್ಕೂ ಒಂದೊಂದು ಮನೆ;
'ಯಾಕೆ' ಎಂಬುದಕ್ಕೆ ಮಾತ್ರ
ಆ ಹಾಳೆಯಲ್ಲಿ ಯಾರೂ ಮನೆ ಕಟ್ಟಿಲ್ಲ.

ಲಗಮಣ್ಣಾ ಮಗದುಮ, ಊರು ನೂಲ.
ಹದಿಮೂರು ವರ್ಷ ಐದು ತಿಂಗಳ ಚಾಕರಿ,
ಪಿಂಚಣಿಗೆ ಹತ್ತೊಂಬತ್ತು ತಿಂಗಳು ಕಡಿಮೆ.
ಮೊದಲ ಮೂರು ಕೆಂಪು: ಸೆರೆ, ಜಗಳ, ಮತ್ತೆ ಸೆರೆ.
ಅವನ್ನು ಅವನೇ ಬೆರಳು ಮಡಚಿ ಒಪ್ಪಿಕೊಂಡ.
ನಾಲ್ಕನೆಯದು, ರಜೆ ಮುಗಿದ ಮೇಲೂ ಇಪ್ಪತ್ತೈದು ದಿನ ಗೈರು.
ಆರೋಪಿಯ ಹೇಳಿಕೆ: ಏನೂ ಇಲ್ಲ.

ವಕೀಲರ ಉಗುರು ಒಂದು ಸಾಲಿನ ಮೇಲೆ ನಿಂತಿತು.
'ಓದಿ ಹೇಳಿದ್ದು ಮರಾಠಿಯೊಳಗ. ಸಹಿ ನೋಡು, ಕನ್ನಡ.
ಸಿಕ್ಕಿತು ಎಳಿ! ಆರೋಪನ ತಿಳೀಲಿಲ್ಲ ಅನ್ನೋಣು.'

ಲಗಮಣ್ಣ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟ.
'ತಿಳದಿತ್ರೀ ಸಾಹೇಬ್ರ. ಎರಡೂ ಭಾಷಾದಾಗ
ಬೈಸ್ಕೊಂಡು ಬೆಳದಾಂವ ನಾ.
ತಡಾ ಆಗಿದ್ದು ಖರೆ.
ಯಾಕ ಆತು ಅನ್ನೂದಷ್ಟು ಬರಸ್ರಿ.'

ಮಿರಜಿನ ದವಾಖಾನೆ. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು
ಗಾಜಿನ ಪೆಟ್ಟಿಗೆಯೊಳಗೆ.
ಹೊರಗೆ ಇವನು, ಬೂಟು ಕಳಚಿ, ಅಟೆನ್ಶನ್‌ನಲ್ಲಿ.
'ಹೆಸರಿಟ್ಟಿದ್ರೇನು?' ಎಂದೆ. ಅರ್ಜಿಗೆ ಅದು ಬೇಕಿರಲಿಲ್ಲ.
'ಇಲ್ರೀ. ಪೆಟ್ಟಿಗಿ ಮ್ಯಾಲಿನ ಚೀಟಿಯೊಳಗ
ತಾಯಿ ಹೆಸರ ಬರದಿದ್ರು.'

ಲೆಕ್ಕ ನನ್ನ ಕೆಲಸ. ರಜೆ ಮುಗಿದ ದಿನ ಹುಟ್ಟಿದ ಕೂಸು
ಇದ್ದದ್ದು ಇಪ್ಪತ್ತೊಂದು ದಿನ.
ಫಿರೋಜ್‌ಪುರದ ರೈಲಿಗೆ ಎರಡು. ಅದರ ಸವೆದ ಟಿಕೀಟು
ಡಿಸ್ಚಾರ್ಜ್ ಪುಸ್ತಕದಲ್ಲಿ ಇನ್ನೂ ಇದೆ.
'ಉಳಿದ ಎರಡು ದಿನ?' ವಕೀಲರು ಕನ್ನಡಕ ಏರಿಸಿದರು.
'ಮುಂಬೈ ಪೀಠದವರು ಒಂದೊಂದು ದಿನದ್ದೂ ಕೇಳ್ತಾರ.'

ಇಂಥ ತೂತಿಗೆ ನನ್ನಲ್ಲಿ ತೇಪೆಗಳಿವೆ:
ಹಿರಣ್ಯಕೇಶಿಗೆ ಹೊಳೆ ಬಂದಿತ್ತು, ಸೇತುವೆ ಮುಳುಗಿತ್ತು,
ಮೈಮೇಲೆ ಎಚ್ಚರವಿಲ್ಲದ ಜ್ವರ, ದುಂಡು ಸೀಲಿನ ಡಾಕ್ಟರ ಚೀಟಿ.
ಎಷ್ಟು ಜನರನ್ನು ಅವುಗಳ ಮೇಲೆ ದಾಟಿಸಿಲ್ಲ!
ಕೆಲವರು ಪಿಂಚಣಿ ಬಂದ ಮೇಲೆ
ಪೇಢೆಯ ಪೊಟ್ಟಣ ಹಿಡಿದು ಬಂದಿದ್ದಾರೆ; ತಿಂದಿದ್ದೇನೆ.

ಲಗಮಣ್ಣ ಬಹಳ ಹೊತ್ತು ಸುಮ್ಮನಿದ್ದ.
ಕೆಳಗೆ ಯಾರೋ ಹರಾಜಿನ ಬೆಲೆ ಏರಿಸುತ್ತಿದ್ದರು.
'ಎಮ್ಮಿ ಹಿಂಡೀನ್ರಿ,' ಅಂದ.
'ಆಕಿ ಏಳತಿದ್ದಿಲ್ಲ. ಅದು ಒದರತಿತ್ತು.
ಎರಡ ದಿನಾ ಎಮ್ಮಿ ಹಿಂಡೀನಿ.'

ಸಂಜೆ ಒಬ್ಬಳೇ ಕೂತು ಇಂಗ್ಲಿಷಿನಲ್ಲಿ ಟೈಪು ಮಾಡಿದೆ.
ಆರು ಪ್ಯಾರಾ ರೂಢಿಯ ಮಾತು,
ಅತಿ ವಿನಯಪೂರ್ವಕವಾಗಿ, ತಿಳಿದ ಮಟ್ಟಿಗೆ, ನಂಬಿರುವಂತೆ.
ಏಳನೆಯದು ಒಂದೇ ಸಾಲು:
ಉಳಿದ ಎರಡು ದಿನ ಅರ್ಜಿದಾರನು ಮನೆಯಲ್ಲಿದ್ದು
ಎಮ್ಮೆ ಹಿಂಡಿದನು.

ಮರುದಿನ ಪೋತದಾರರು ಓದಿದರು.
ಅಲ್ಲಿಗೆ ಬಂದಾಗ ಕೆಂಪು ಪೆನ್ನಿನ ಟೊಪ್ಪಿ ಬಿಚ್ಚಿದರು.
ನಾನು ಕಪಾಟಿನ ಕಡೆ ತಿರುಗಿ ಕಡತ ಹುಡುಕುವವಳಂತೆ ನಿಂತೆ.
ಎಮ್ಮೆಯ ಇಂಗ್ಲಿಷಿನಲ್ಲಿ ನಾನು ಬಿಟ್ಟಿದ್ದ
ಒಂದು 'ಎಫ್' ಸೇರಿಸಿ
ಅವರು ಮುಂದಿನ ಪುಟ ತಿರುವಿದರು.